ಅಜ್ಜನ ಪೇಟಿಯ ಕರಿ ಪಟ್ಟಿಗಳು

ಬೆಂಕಿಯಿಲ್ಲದೆ, ಕಾದ ಎಣ್ಣೆಯಿಲ್ಲದೆ, ಬರೀ ಒಂದು ಪೇಟಿಯಿಂದ ಹತ್ತೂ ಬೆರಳು ಸುಡಬಹುದು ಎಂದರೆ ನಂಬುತ್ತೀರಾ? ನಂಬುವುದಿಲ್ಲ. ನಂಬಲೂ ಬೇಡಿ, ಎಷ್ಟು ಹೊತ್ತು ನಂಬದೆ ಇರುತ್ತೀರೋ ನಾನೂ ನೋಡುತ್ತೇನೆ. ಈ ಕಥೆ ಹೇಳಿದಾಗಲೆಲ್ಲ ಎದುರಿಗೆ ಕೂತವರು ಮೊದಲು ನಗುತ್ತಾರೆ, ಆಮೇಲೆ ಮೆಲ್ಲಗೆ ತಮ್ಮ ಬೆರಳು ತಿರುಗಿಸಿ ನೋಡಿಕೊಳ್ಳುತ್ತಾರೆ. ಸವದತ್ತಿಯಲ್ಲಿ ನನ್ನಷ್ಟು ಕಿಡಿಗೇಡಿ ಇನ್ನೊಬ್ಬ ಹುಟ್ಟಿಲ್ಲ. ಇದು ಜಂಬವಲ್ಲ, ಬೇಕಾದರೆ ಊರಿಗೆ ಹೋಗಿ ಕೇಳಿ. ಈಗ ತಲೆ ಬೆಳ್ಳಗಾಗಿದೆ, ಮುಂದಿನ ಎರಡು ಹಲ್ಲು ಹೋಗಿವೆ, ಆದರೂ ಬೀಗರ ಮನೆಗೆ ಊಟಕ್ಕೆ ಹೋದರೆ ನನ್ನ ಕೈಗೆ ಸಿಗುವಂತಿದ್ದ ಉಪ್ಪಿನ ಡಬ್ಬಿಯನ್ನು ಯಾರಾದರೊಬ್ಬರು ಎತ್ತಿ ಒಳಗಿಡುತ್ತಾರೆ. ಅಂಥ ನಾನು ಹನ್ನೊಂದನೆಯ ವಯಸ್ಸಿನಲ್ಲಿ ಮೂರು ದಿನ ಹೆದರಿದ್ದೆ. ಅಂಥ ಹೆದರಿಕೆ ಆಮೇಲೆ ಹಾವು ತುಳಿದಾಗಲೂ ಬರಲಿಲ್ಲ, ಮಲಪ್ರಭೆಯ ಕಾಲುವೆಯಲ್ಲಿ ಮುಳುಗಿ ಎದ್ದಾಗಲೂ ಬರಲಿಲ್ಲ.

ನಮ್ಮ ಮನೆ ಕೋಟೆಯ ಕೆಳಗಿನ ಓಣಿಯಲ್ಲಿತ್ತು. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರ ಎಡಕ್ಕೆ ದೇವರ ಕೋಣೆ, ಹಿಂದೆ ಹಗಲಲ್ಲೂ ದೀಪ ಬೇಕೆನ್ನಿಸುವ ಅಡುಗೆಮನೆ, ಅದರಾಚೆ ಹಿತ್ತಲು. ಅಪ್ಪ ಮುನವಳ್ಳಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟು ಅಲ್ಲೇ ಇರುತ್ತಿದ್ದ, ವಾರಕ್ಕೊಮ್ಮೆ ಬಂದು ನನ್ನ ಬಗ್ಗೆ ಬಂದ ದೂರುಗಳನ್ನು ಕೇಳಿ ಹೋಗುತ್ತಿದ್ದ. ಹೀಗಾಗಿ ಮನೆಯೆಂದರೆ ಅಜ್ಜ, ಆಯಿ, ಅವ್ವ, ಅತ್ತಿ ಮತ್ತು ನಾನು. ಆಯಿ ಎಂದರೆ ನನ್ನ ಅಜ್ಜಿ. ಎರಡೂ ಕಣ್ಣಿಗೆ ಪೊರೆ ಬಂದು ಮನುಷ್ಯರನ್ನು ನೆರಳಿನಿಂದ ಗುರುತಿಸುತ್ತಿದ್ದಳು. ಅತ್ತಿ ಎಂದರೆ ಅಪ್ಪನ ತಂಗಿ ಶಾಂತಾ. ಅಡುಗೆಮನೆಯಲ್ಲಿ ಅವ್ವನದೂ ಆಯಿಯದೂ ದಿನಾ ಒಂದೇ ಜಗಳ. ಅವ್ವ ಸಾರಿಗೆ ಉಪ್ಪು ಹಾಕಿ ಹಿತ್ತಲಿಗೆ ಹೋದರೆ, ಸೊಸೆ ಮರೆತಿದ್ದಾಳೆಂದು ಆಯಿ ಇನ್ನೊಂದು ಹಿಡಿ ಹಾಕುತ್ತಿದ್ದಳು. ಮೂರನೆಯ ಹಿಡಿ ಹಾಕುತ್ತಿದ್ದವನು ನಾನು. ಊಟಕ್ಕೆ ಕೂತಾಗ ಅವರಿಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುವುದು, ನಾನು ರೊಟ್ಟಿಗೆ ಮೊಸರು ಹಚ್ಚಿಕೊಂಡು ಸುಮ್ಮನೆ ತಿನ್ನುವುದು. ಎರಡು ವರ್ಷ ಯಾರಿಗೂ ಸಿಕ್ಕಿಬೀಳಲಿಲ್ಲ ಎಂದರೆ ನನ್ನ ಕೈಚಳಕ ಎಂಥದಿರಬೇಕು ಯೋಚಿಸಿ.

ಪಡಸಾಲೆ ಮಾತ್ರ ಅಜ್ಜನದು. ಅಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಕಂಬಕ್ಕೆ ಒರಗಿ ಅಜ್ಜ ಕೂರುತ್ತಿದ್ದ, ಅವನ ಬಲಗೈಗೆ ತಾಗುವಂತೆ ಒಂದು ಮಣೆಯ ಮೇಲೆ ಪೇಟಿ ಇರುತ್ತಿತ್ತು, ಪೇಟಿಯ ಮೇಲೆ ಆಯಿ ಹೊಲಿದ ಮುಸುಕು. ಹಾರ್ಮೋನಿಯಂ ಎಂದು ಸಾಲೆಯಲ್ಲಿ ಹೇಳಿಕೊಟ್ಟಿದ್ದರೂ ಮನೆಯಲ್ಲಿ ಹಾಗೆಂದವರನ್ನು ಅಜ್ಜ ಪರಕೀಯರಂತೆ ನೋಡುತ್ತಿದ್ದ. ಸೋಮವಾರ ಸಂಜೆ ಪೂಜೆ ಮುಗಿಸಿ, ಪೇಟಿಗೆ ಗಾಳಿ ತುಂಬುವ ಭಾತೆಗೆ ವಿಭೂತಿ ಹಚ್ಚಿ, ಓಣಿಯ ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು ಭಜನೆ. ಅಜ್ಜ ಹೊಡೆಯುವವನಲ್ಲ. ತಪ್ಪು ಮಾಡಿದವರನ್ನು ಎದುರಿಗೆ ನಿಲ್ಲಿಸಿ, ಕನ್ನಡಕ ತೆಗೆದು, ಕಡ್ಡಿ ಮಡಚಿ, ಡಬ್ಬಿಯಲ್ಲಿಟ್ಟು, ಡಬ್ಬಿ ಮುಚ್ಚಿ, ಆಮೇಲೆ ಬರಿಗಣ್ಣಿನಿಂದ ನೋಡುತ್ತಿದ್ದ. ಅಷ್ಟೇ. ಆ ಡಬ್ಬಿ ಮುಚ್ಚುವ ಟಪ್ ಎಂಬ ಸಪ್ಪಳಕ್ಕೆ ನನ್ನ ಚಡ್ಡಿ ಎರಡು ಸಲ ಒದ್ದೆಯಾಗಿದೆ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ನೀವು ಊರತುಂಬ ಹೇಳಬೇಡಿ.

ಆ ಪೇಟಿಯ ಬಿಳಿ ಪಟ್ಟಿಗಳು ಹಳೆಯ ಹಲ್ಲಿನಂತೆ ಹಳದಿಯಾಗಿದ್ದವು, ಅದಕ್ಕೆ ಯಾರೂ ಚಿಂತೆ ಮಾಡಲಿಲ್ಲ. ಕರಿ ಪಟ್ಟಿಗಳದೇ ದುಃಖ. ಇಪ್ಪತ್ತು ಮೂವತ್ತು ವರ್ಷ ಅಜ್ಜನ ಬೆರಳು ಓಡಾಡಿ ನಡುವಿನ ಪಟ್ಟಿಗಳ ಮೇಲೆ ಕಪ್ಪೇ ಉಳಿದಿರಲಿಲ್ಲ. ಒಳಗಿನ ಕಟ್ಟಿಗೆ ಕಾಣುತ್ತಿತ್ತು, ಅದೂ ನಾದಿದ ಹಿಟ್ಟಿನ ಮೇಲೆ ಬೆರಳೊತ್ತಿದಂತೆ ಸಣ್ಣಗೆ ತಗ್ಗು ಬಿದ್ದಿತ್ತು. ಅಜ್ಜನ ಬೆರಳು ಸೆಟೆದುಕೊಂಡ ಮೇಲೆ ಭಜನೆಗೆ ಅತ್ತಿ ನುಡಿಸುತ್ತಿದ್ದಳು. ಅವಳ ದನಿ ಕರಿ ನಾಲ್ಕಕ್ಕೆ ಹೊಂದುತ್ತಿತ್ತು, ಅಂದರೆ ನಾಲ್ಕನೆಯ ಕರಿ ಪಟ್ಟಿಯೇ ಅವಳ ಷಡ್ಜ. ಎಲ್ಲಕ್ಕಿಂತ ಹೆಚ್ಚು ಸವೆದದ್ದೂ ಅದೇ ಪಟ್ಟಿ.

ಆಗ ಅತ್ತಿಗೆ ಇಪ್ಪತ್ತಾರು. ಅವಳನ್ನು ನೋಡಲು ಆಗಲೇ ನಾಲ್ಕು ಕಡೆಯವರು ಬಂದು, ಶಿರಾ ಉಪ್ಪಿಟ್ಟು ತಿಂದು, ತಿಳಿಸುತ್ತೇವೆಂದು ಹೋಗಿ, ಏನೂ ತಿಳಿಸಿರಲಿಲ್ಲ. ಐದನೆಯದು ಕಿತ್ತೂರಿನ ಕಡೆಯ ಒಬ್ಬ ಸಾಲೆ ಮಾಸ್ತರ. ಅವನ ಫೋಟೋ ಮೊದಲೇ ಬಂದಿತ್ತು. ಅದನ್ನು ಅತ್ತಿ ತನ್ನ ಹಾಡಿನ ವಹಿಯೊಳಗೆ ಇಟ್ಟುಕೊಂಡು, ಹಾಡು ಹುಡುಕುವವಳಂತೆ ದಿನಕ್ಕೆ ನಾಲ್ಕು ಸಲ ತೆಗೆದು ಮುಚ್ಚುತ್ತಿದ್ದಳು. ಹಿಂದಿನ ನಾಲ್ವರ ಫೋಟೋಗಳು ಗೋಡೆಯ ಕನ್ನಡಿಯ ಹಿಂದೆ ಧೂಳು ತಿನ್ನುತ್ತ ಬಿದ್ದಿದ್ದವು. ಇದನ್ನೆಲ್ಲ ನೋಡಿದ್ದು ನಾನೊಬ್ಬನೇ, ಯಾಕೆಂದರೆ ಆ ಮನೆಯಲ್ಲಿ ಬೇರೆಯವರ ವಹಿ ತೆಗೆದು ನೋಡುವ ಚಾಳಿ ನನಗೊಬ್ಬನಿಗೇ ಇತ್ತು. ಕಿತ್ತೂರಿನಿಂದ ಬಂದ ಮಾತು ಇಷ್ಟು: ಹುಡುಗಿ ಪೇಟಿ ನುಡಿಸಿ ಹಾಡುತ್ತಾಳೆಂದು ಕೇಳಿದ್ದೇವೆ, ರವಿವಾರ ಬರುತ್ತೇವೆ, ಒಂದು ಹಾಡು ಕೇಳುತ್ತೇವೆ.

ಮಂಗಳವಾರ ರಾಮದುರ್ಗದಿಂದ ಪೇಟಿ ರಿಪೇರಿಯ ರಾಜೇಸಾಬ ಬಂದ. ಸ್ವರ ಸರಿಮಾಡಿದ, ಭಾತೆಯ ತೂತಿಗೆ ತೊಗಲು ಅಂಟಿಸಿದ. ಅತ್ತಿ ಬಾಗಿಲ ಮರೆಯಿಂದ ಅಜ್ಜನಿಗೆ ಹೇಳಿದಳು:

"ಅಪ್ಪಾ, ಕರಿ ಪಟ್ಟಿಗೂ ಒಂದೀಟ ಬಣ್ಣಾ ಹಚ್ಚಂತ ಹೇಳು. ಬಂದಾವ್ರು ಮೊದಲ ನನ್ನ ಬೆರಳ ನೋಡತಾರ, ಆಮ್ಯಾಲೆ ಹಾಡಾ ಕೇಳತಾರ. ಹುಳುಕ ಹಲ್ಲಿನ್ಹಂಗ ಕಾಣತಾವು ಅವು."

ರಾಜೇಸಾಬ ನಕ್ಕು ತಲೆಯಾಡಿಸಿದ.

"ತಂಗೀ, ಅದು ಗ್ವಾಡಿಗೆ ಸುಣ್ಣಾ ಬಳದಂಗ ಅಲ್ಲವಾ. ಪಟ್ಟಿ ಬಿಚ್ಚಬೇಕು, ಗಾಜಿನ ಚೂರಿಲೆ ಹೆರೀಬೇಕು, ಪಾಲಿಶ್ ಪೇಪರ್ ಹಚ್ಚಿ ತಿಕ್ಕಬೇಕು, ಕರಿ ಬಣ್ಣಾ ಕುಡಿಸಬೇಕು, ಮ್ಯಾಲೆ ಅರಗಿನ ಪಾಲಿಶ್ ನಾಕ ಕೈ ಹಾಕಬೇಕು. ಹದಿನೈದ ದಿನಾ ಪೇಟಿ ರಾಮದುರ್ಗದಾಗ ಇರಬೇಕು ನೋಡ್ರಿ ಯಜಮಾನ್ರ."

"ರವಿವಾರ ಮಂದಿ ಬರಾಕತ್ತಾರ. ಈಗ ಬ್ಯಾಡ" ಎಂದ ಅಜ್ಜ.

ಅತ್ತಿ ಒಳಗೆ ಹೋದಳು. ಅವಳಿಗೆ ನಾನು ಒಂದು ಮೋಸ ಮಾಡಿದ್ದೆ, ಅದನ್ನು ಈಗ ಹೇಳಲೇಬೇಕು. ಹಿಂದಿನ ವರ್ಷ ಪರೀಕ್ಷೆ ತಪ್ಪಿಸಲು ಜಾಲಿಯ ಗೋಂದು ಕಲಸಿ ಎರಡೂ ಅಂಗೈಗೆ ಹಚ್ಚಿ ಒಣಗಿಸಿ, ಅಲ್ಲಲ್ಲಿ ಸುಕ್ಕು ಎಬ್ಬಿಸಿ, ಕುಂಕುಮದ ನೀರು ಮುಟ್ಟಿಸಿದ್ದೆ. ಕೈಯ ತೊಗಲೇ ಸುಲಿದು ಬಂದಂತೆ ಕಾಣುತ್ತಿತ್ತು. ಎಂಥ ಕಲೆ! ಅತ್ತಿ ನೋಡಿ ಅತ್ತುಬಿಟ್ಟಳು. ಚಪ್ಪಲಿಯೂ ಮೆಟ್ಟದೆ ನನ್ನನ್ನು ಎಳೆದುಕೊಂಡು ಬಜಾರದ ಡಾಕ್ಟರ ಹತ್ತಿರ ಓಡಿದಳು. ಡಾಕ್ಟರು ಬಿಸಿ ನೀರಲ್ಲಿ ಅರಿವೆ ಅದ್ದಿ ಒಂದು ಸಲ ಒರೆಸಿದರು. ರೋಗ ಹೋಯಿತು. ಕೂತಿದ್ದ ಪೇಷಂಟುಗಳೆಲ್ಲ ನಕ್ಕರು, ಕಂಪೌಂಡರನೂ ನಕ್ಕ. ಬರಿಗಾಲಲ್ಲಿ ನಿಂತಿದ್ದ ಅತ್ತಿ ಮಾತ್ರ ನಗಲಿಲ್ಲ. ಆಮೇಲೆ ಮೂರು ತಿಂಗಳು ನನ್ನ ತಲೆಗೆ ಅವಳು ಎಣ್ಣೆ ಹಚ್ಚಲಿಲ್ಲ. ಆ ಲೆಕ್ಕ ಹರಿದುಕೊಳ್ಳಲು ಇದೇ ಸಮಯ ಎಂದುಕೊಂಡೆ. ರಾಜೇಸಾಬ ಹೇಳಿದ್ದು ನನಗೆ ಬಾಯಿಪಾಠವಾಗಿತ್ತು. ಗಾಜು ಇತ್ತು, ಪಾಲಿಶ್ ಪೇಪರು ಅಂಗಡಿಯಲ್ಲಿತ್ತು. ಎಂದೂ ಹೋಗದ ಕಪ್ಪು ಎಲ್ಲಿ ಸಿಗುತ್ತದೆ ಎನ್ನುವುದೊಂದೇ ಪ್ರಶ್ನೆ.

ಉತ್ತರ ಅಜ್ಜನ ಧೋತರದ ಅಂಚಿನಲ್ಲೇ ಇತ್ತು. ನಮ್ಮ ಮನೆಯ ಬಟ್ಟೆ ಬೇರೆಯವರ ಬಟ್ಟೆಯಲ್ಲಿ ಬೆರೆಯಬಾರದೆಂದು ಅಗಸರು ಅಂಚಿಗೆ ಎರಡು ಚುಕ್ಕಿ, ಒಂದು ಗೀಟು ಹಾಕುತ್ತಿದ್ದರು. ಧೋತರ ಹರಿದು ಒರೆಸುವ ಅರಿವೆಯಾದರೂ ಆ ಚುಕ್ಕಿ ಹೋಗುತ್ತಿರಲಿಲ್ಲ. ಕಲ್ಲಿಗೆ ಬಡಿದರೂ ಇಲ್ಲ, ಸೋಡಾದಲ್ಲಿ ಕುದಿಸಿದರೂ ಇಲ್ಲ. ಅದು ಕೇರು ಬೀಜದ ಎಣ್ಣೆಯ ಕಪ್ಪು. ನಮ್ಮ ಮನೆಯಲ್ಲಿ ಮರಾಠಿಯವರಂತೆ ಬಿಬ್ಬಾ ಎನ್ನುತ್ತಿದ್ದರು. ಒಡೆದ ಹಿಮ್ಮಡಿಗೆ ಚುರ್ ಎನ್ನಿಸಲು ಆಯಿ ಅದನ್ನು ಒಂದು ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಮುಟ್ಟಬೇಡ ಎಂದು ಹೇಳಿದ್ದಳು, ನಿಜ. ಆದರೆ ಆಯಿ ಉಪ್ಪಿನಕಾಯಿ ಭರಣಿ ಮುಟ್ಟಬೇಡ ಎನ್ನುತ್ತಿದ್ದಳು, ಬೆಲ್ಲ ಮುಟ್ಟಬೇಡ ಎನ್ನುತ್ತಿದ್ದಳು, ಕನ್ನಡಿ ಮುಟ್ಟಬೇಡ ಎನ್ನುತ್ತಿದ್ದಳು. ಅವಳ ಮಾತು ಕೇಳಿದ್ದರೆ ನಾನು ಆ ಮನೆಯಲ್ಲಿ ನನ್ನ ಮೂಗನ್ನೂ ಮುಟ್ಟುವ ಹಾಗಿರಲಿಲ್ಲ.

ಗುರುವಾರ ಮಧ್ಯಾಹ್ನ ಹೆಂಗಸರೆಲ್ಲ ಓಣಿಯಲ್ಲಿ ಒಬ್ಬ ಬಸುರಿಯ ಕುಬಸಕ್ಕೆ ಹೋದರು. ಅಜ್ಜ ಸಂತೆಗೆ ಹೋದ. ನಾನು ಪಡಸಾಲೆಯ ಬಾಗಿಲು ಹಾಕಿದೆ. ಬಿಳಿ ಪಟ್ಟಿಗಳಿಗೆ ಪೇಪರಿನ ಚೂರು ಅಂಟಿಸಿದೆ. ಒಡೆದ ಕಂದೀಲಿನ ಗಾಜಿನಿಂದ ಕರಿ ಪಟ್ಟಿಗಳನ್ನು ಒಂದೊಂದಾಗಿ ಹೆರೆದೆ. ಅಜ್ಜನ ಬೆರಳಿನ ತಗ್ಗು ಮಟ್ಟಸವಾಗುವವರೆಗೂ ಹೆರೆದೆ. ಪಾಲಿಶ್ ಪೇಪರಿನಿಂದ ತಿಕ್ಕಿ, ಬಗ್ಗಿ ಕೆನ್ನೆ ತಾಗಿಸಿ ನೋಡಿದರೆ ನನ್ನ ಕೆನ್ನೆಗಿಂತ ನುಣ್ಣಗಾಗಿತ್ತು. ಬಿಬ್ಬಾ ಬೀಜಗಳನ್ನು ದೀಪಕ್ಕೆ ಹಿಡಿದು, ದಬ್ಬಣದಿಂದ ಚುಚ್ಚಿ, ಒಸರಿದ ಎಣ್ಣೆಗೆ ಚಿಟಿಕೆ ಸುಣ್ಣ ಬೆರೆಸಿ, ಕಡ್ಡಿಗೆ ಹತ್ತಿ ಸುತ್ತಿ ಹಚ್ಚಿದೆ. ಮೊದಲು ಕಂದು, ನೋಡುನೋಡುತ್ತ ಕಾಗೆಯ ರೆಕ್ಕೆಯ ಕಪ್ಪು. ಒಟ್ಟು ಹದಿನಾಲ್ಕು ಬೀಜ ಖರ್ಚಾಯಿತು. ಸಂಜೆ ಅಜ್ಜ ಬಂದು ಮುಸುಕು ತೆಗೆದು ಬಗ್ಗಿ ನೋಡಿದ.

"ಯಾರ ಮಾಡಿದ್ರು ಇದನ್ನ?"

"ನಾನಜ್ಜಾ. ರಾಜೇಸಾಬ ಬಣ್ಣದ ಪುಡಿ ಕೊಟ್ಟಿದ್ದ. ಆದರ ರವಿವಾರತನಕ ಯಾರೂ ಮುಟ್ಟೂ ಹಂಗಿಲ್ಲ. ಬಣ್ಣಾ ಕಚ್ಚಬೇಕು."

ಪುಡಿಯ ಮಾತು ಸುಳ್ಳು, ನನ್ನ ಬಾಯಿಗೆ ಅದು ತಾನಾಗಿ ಬರುತ್ತಿತ್ತು. ಅಜ್ಜ "ಹ್ಞೂಂ" ಎಂದ. ಅಜ್ಜನ ಹ್ಞೂಂ ಎಂದರೆ ಬೇರೆಯವರ ಬಾಯಿಯ ಹತ್ತು ಭೇಷ್. ಅತ್ತಿ ಬಂದು ನೋಡಿದಳು, ನನ್ನ ತಲೆ ನೋಡಿದಳು, ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದಳು. ಅವತ್ತು ಅವಳು ನನ್ನ ತಲೆ ತಿಕ್ಕಿದಷ್ಟು ಹೊತ್ತು ಸವದತ್ತಿಗೆ ನಾನೇ ದೇಸಾಯಿ.

ಶುಕ್ರವಾರ ಸಂಜೆ ಬೆರಳ ಸಂದಿ ನವೆಯತೊಡಗಿತು. ಶನಿವಾರ ಬೆಳಿಗ್ಗೆ ಎದ್ದರೆ ಬಲಗೈ ಬೆರಳುಗಳು ಒಂದಕ್ಕೊಂದು ತಾಗುವಷ್ಟು ಬಾತಿದ್ದವು. ಬೆರಳ ತುದಿಯಲ್ಲಿ ನೀರುಗುಳ್ಳೆ, ಎಡಗೆನ್ನೆಯ ಮೇಲೆ, ಅವತ್ತು ಎಣ್ಣೆಗೈ ತಾಗಿದಲ್ಲಿ, ಕೆಂಪು ಗೀಟು. ಒಲೆಯ ಮೇಲೆ ಕೈ ಹಿಡಿದಂತೆ ಉರಿ. ಕೆನ್ನೆಗೆ ವಿಭೂತಿ ಬಳಿದೆ, ಕೈ ಚಡ್ಡಿ ಕಿಸೆಗೆ ಹಾಕಿದೆ. ಆದರೆ ಊಟಕ್ಕೆ ಕಿಸೆಯಿಂದ ತೆಗೆಯಲೇಬೇಕಲ್ಲ. ಅವತ್ತು ಒಣಗಿ ಗಟ್ಟಿಯಾದ ಕಟಿ ರೊಟ್ಟಿ, ಅಗಸಿ ಚಟ್ನಿ, ಕೆಂಪು ಖಾರ. ನಾನು ಮೆಲ್ಲಗೆ ಚಮಚೆ ತೆಗೆದುಕೊಂಡೆ.

"ಯಾವ ಸರದಾರ ಬಂದಾನ ಊಟಕ್ಕ?" ಎಂದ ಅಜ್ಜ. "ರೊಟ್ಟಿ ಚಮಚೇದಾಗ ಮುರೀತಿ ಏನ? ಇಡ ಅದನ್ನ."

ಇಟ್ಟೆ. ಗುಳ್ಳೆಗಳನ್ನು ಅಂಗೈಯೊಳಗೆ ಮಡಚಿ, ಬೆರಳ ಗೆಣ್ಣಿನಿಂದ ರೊಟ್ಟಿ ಮುರಿದೆ. ಒಂದು ಗುಳ್ಳೆ ಒಡೆಯಿತು. ಆ ಬೆರಳನ್ನೇ ಖಾರಕ್ಕೆ ಅದ್ದಬೇಕು, ಅಜ್ಜನ ಎದುರಿಗೆ, ಮುಖ ಕಿವಿಚದೆ. ಅದ್ದಿದೆ. ಎರಡು ರೊಟ್ಟಿ ತಿಂದೆ. ಕಣ್ಣಲ್ಲಿ ನೀರು ಇಳಿದದ್ದಕ್ಕೆ "ಖಾರ ಜಾಸ್ತಿ ಆಗೇತಿ" ಎಂದು ಆಯಿ ಅವ್ವನಿಗೆ ಬೈದಳು, ಅವ್ವ ತಾಟು ಕುಕ್ಕಿದಳು. ಇಂಥ ಧೈರ್ಯ ಯಾರಿಗಿದ್ದೀತು ಹೇಳಿ. ಆದರೆ ಇದೆಲ್ಲ ಬರೀ ನೋವು. ಹೆದರಿಕೆ ಇನ್ನೂ ಬಂದಿರಲಿಲ್ಲ. ಅದು ಬಂದದ್ದು ಮಧ್ಯಾಹ್ನ, ಹಿತ್ತಲ ಬಾಗಿಲಲ್ಲಿ ಹಿಮ್ಮಡಿ ಚಾಚಿ ಕೂತ ಆಯಿ ತನ್ನ ಡಬ್ಬಿ ಅಲ್ಲಾಡಿಸಿದಾಗ.

"ಏನವಾ, ನನ್ನ ಬಿಬ್ಬಾ ಡಬ್ಬಿ ಹಗರ ಆಗೇತಲ್ಲ! ಯಾರರ ತುಗೊಂಡೀರೇನ?"

"ನಿಮ್ಮ ಬಿಬ್ಬಾ ತುಗೊಂಡ ನಾ ಏನ ಮಾಡ್ಲ್ಯಾರಿ ಅತ್ತಿಯಾರ, ಸಾರಿಗೆ ಹಾಕ್ಲ್ಯಾ?" ಎಂದಳು ಅವ್ವ.

"ನಗಬ್ಯಾಡ. ಅದರ ಸಿಟ್ಟು ನಿನಗ ಗೊತ್ತಿಲ್ಲ. ನನ್ನ ತವರಮನ್ಯಾಗ ಒಬ್ಬಾಕಿ ಅಗಸರ ಮನಿಯಿಂದ ಬಂದ ಹೊಸಾ ಸೀರಿ ಉಟ್ಟಿದ್ಲು. ಗುರ್ತಿನ ಚುಕ್ಕಿ ಒಣಗಿ ನಾಕ ದಿನಾ ಆಗಿತ್ತ. ಆ ಸೆರಗಿಲೆ ಮುಖಾ ಒರಸ್ಕೊಂಡ್ಲ ನೋಡ, ಕಣ್ಣು ಮೂಗು ಒಂದೂ ಕಾಣದ್ಹಂಗ ಬಾತು, ತಿಂಗಳಗಟ್ಲೆ ಕತ್ತಲ್ಯಾಗ ಕುಂತ್ಲು. ಒಣಗಿದ್ರೂ ಅದು ಸಾಯೂದಿಲ್ಲವಾ."

ಒಣಗಿದರೂ ಅದು ಸಾಯುವುದಿಲ್ಲ. ಹಿತ್ತಲ ಬಿಸಿಲಲ್ಲಿ ನಿಂತು ಲೆಕ್ಕ ಹಾಕಿದೆ. ಒಂದು ಚುಕ್ಕಿ ಒಬ್ಬಳ ಮುಖವನ್ನು ಹಾಗೆ ಮಾಡಿದರೆ ಹದಿನಾಲ್ಕು ಬೀಜ ಏನು ಮಾಡಬಹುದು? ನಾಳೆ ಅತ್ತಿ ಹತ್ತು ಬೆರಳನ್ನೂ ಅದರ ಮೇಲೆ ಆಡಿಸುತ್ತಾಳೆ. ಹಾಡಿನ ನಡುವೆ ಹಣೆಯ ಬೆವರು ಒರೆಸಿಕೊಳ್ಳುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ. ಎರಡು ದಿನ ಬಿಟ್ಟು ಅವಳ ಮುಖ ಹೇಗಿರುತ್ತದೆಂದು ನನಗೆ ಆ ಬಿಸಿಲಲ್ಲೇ ಕಂಡಿತು. ಪೇಟಿಯನ್ನು ಒರೆಸಿಬಿಡೋಣ ಎಂದು ಕೊಬ್ಬರಿ ಎಣ್ಣೆ, ಅರಿವೆ ಹಿಡಿದು ಪಡಸಾಲೆಗೆ ಹೋದೆ. ಅಜ್ಜ ಕಂಬಕ್ಕೆ ಒರಗಿದ್ದ. ಮತ್ತೆ ಹೋದೆ, ಅಲ್ಲೇ ಇದ್ದ. ಮೂರನೆಯ ಸಲ ಅವನ ಕೈ ಕನ್ನಡಕದ ಕಡ್ಡಿಗೆ ಹೋಯಿತು. ನಾನು ಹಿಂದಕ್ಕೆ ಬಂದೆ. ಹೇಳಿಬಿಡಬಹುದಿತ್ತು. ಇನ್ನೊಂದು ಕಿಡಿಗೇಡಿತನ ಮಾಡಿದರೆ ಬೈಲಹೊಂಗಲದ ಬೋರ್ಡಿಂಗಿಗೆ ಹಾಕುತ್ತೇನೆಂದು ಗೋಂದಿನ ಪ್ರಸಂಗದ ದಿನವೇ ಅಜ್ಜ ಹೇಳಿದ್ದ, ಅಜ್ಜ ಎರಡು ಸಲ ಹೇಳುವವನಲ್ಲ. ಬಾಯಿ ತೆರೆದರೆ ನಾನು ಹೋಗುತ್ತೇನೆ, ಮುಚ್ಚಿದರೆ ಅತ್ತಿ ಹೋಗುತ್ತಾಳೆ. ಊರಿಗೆಲ್ಲ ಟೋಪಿ ಹಾಕಿದ ತಲೆಗೆ ಅವತ್ತು ಒಂದು ಉಪಾಯವೂ ಹೊಳೆಯಲಿಲ್ಲ.

ರವಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ರವೆ ಹುರಿಯುವ ವಾಸನೆ. ಅತ್ತಿ ಒಳಕೋಣೆಯಲ್ಲಿ ಕನ್ನಡಿಯ ಮುಂದೆ ಇಳಕಲ್ ಸೀರೆಯ ನಿರಿಗೆ ಹಿಡಿಯುತ್ತಿದ್ದಳು. ನಾನು ಹೋಗಿ ಬಾಗಿಲು ಮುಂದಕ್ಕೆ ಮಾಡಿದೆ.

"ಅತ್ತಿ, ಪೇಟಿ ಮುಟ್ಟಬ್ಯಾಡ. ನಾ ಹಚ್ಚಿದ್ದು ಬಣ್ಣಾ ಅಲ್ಲ. ಬಿಬ್ಬಾ ಐತಿ. ನಿನ್ನ ಕೈ ಸುಡತಾವು."

"ಹೌದಾ? ಮತ್ತ ಭಾತೇದಾಗ ಹಾವೂ ಬಿಟ್ಟಿಯೇನ?"

"ದೇವರಾಣಿ ಅತ್ತಿ. ಇಲ್ಲಿ ನೋಡ" ಎಂದು ಎರಡೂ ಕೈ ಚಾಚಿದೆ.

ಅವಳು ಕನ್ನಡಿಯಲ್ಲೇ ನೋಡಿದಳು. ಒಂದು ಕ್ಷಣ ನಿರಿಗೆ ಹಿಡಿದ ಕೈ ನಿಂತಿತು. ಆಮೇಲೆ ಅವಳ ಮುಖ ಬಿಗಿಯಿತು.

"ಮತ್ತ ಗೋಂದ ಹಚ್ಕೊಂಡ ಬಂದಿ? ಇವತ್ತ? ಈರ್ಯಾ, ಇವತ್ತೊಂದಿನಾನೂ ಬಿಡಂಗಿಲ್ಲ ನೀ? ಈ ಸಲ ಬರಿಗಾಲಿಲೆ ಓಡಾಕ ನಾ ಸಿಗೂದಿಲ್ಲ. ನಡಿ ಹೊರಗ, ಭಾಡ್ಯಾ!"

ಮುಟ್ಟಿ ನೋಡು ಎನ್ನಲು ಬಾಯಿ ತೆರೆದೆ. ಮುಟ್ಟಿದರೆ ಅವಳಿಗೂ ಹತ್ತೀತೆಂದು ಹೆದರಿ ಕೈ ಹಿಂದಕ್ಕೆ ಎಳೆದುಕೊಂಡೆ. ಅದನ್ನು ನೋಡಿ ಅವಳಿಗೆ ಗೋಂದೇ ಎಂದು ಖಾತ್ರಿಯಾಯಿತು. ನನ್ನ ಜೀವನದಲ್ಲಿ ನಾನು ಆಡಿದ ಮೊದಲ ಪೂರಾ ನಿಜವನ್ನು ಯಾರೂ ನಂಬಲಿಲ್ಲ. ಹೊರಗೆ ಜೀಪಿನ ಸಪ್ಪಳವಾಯಿತು.

"ಬರ್ರಿ ಬರ್ರಿ, ಕೈಕಾಲ ತೊಳಕೊಳ್ರಿ, ಕುಂದರ್ರಿ" ಎಂದು ಅಜ್ಜ ಬರಮಾಡಿಕೊಂಡ. ಬಂದವರು ಹುಡುಗನ ಅಪ್ಪ, ಅವ್ವ, ಮತ್ತು ಮಾಸ್ತರ. ಮಾಸ್ತರ ಫೋಟೋದಲ್ಲಿದ್ದುದಕ್ಕಿಂತ ತೆಳ್ಳಗಿದ್ದ, ಬಿಳಿ ಅಂಗಿ ತೊಟ್ಟಿದ್ದ, ಯಾರ ಮುಖವನ್ನೂ ನೆಟ್ಟಗೆ ನೋಡದೆ ಪೇಟಿಯನ್ನು ನೋಡುತ್ತಿದ್ದ. ಅತ್ತಿ ಬಂದು ನಮಸ್ಕಾರ ಮಾಡಿ ಪೇಟಿಯ ಹಿಂದೆ ಕೂತಳು. ಶಿರಾ ಉಪ್ಪಿಟ್ಟು ಆಯಿತು. ಅವ್ವ ನನ್ನ ಕೈಗೆ ಚಹಾದ ಕಿಟ್ಲಿ ಕೊಟ್ಟಳು. ಕೈಗೆ ನಾನು ಕರವಸ್ತ್ರ ಸುತ್ತಿಕೊಂಡಿದ್ದೆ, ಕಿಟ್ಲಿ ಬಿಸಿ ಎಂಬ ನೆವ ಸಿಕ್ಕಿತು. ಪಡಸಾಲೆಯ ಹೊಸ್ತಿಲ ಮೇಲೆ ನಿಂತೆ. ಅತ್ತಿ ಮುಸುಕು ತೆಗೆದಳು. ಕರಿ ಪಟ್ಟಿಗಳು ಮಿರಿಮಿರಿ ಮಿಂಚಿದವು. ಅಷ್ಟು ಚಂದದ ಕೆಲಸ ನಾನು ಮತ್ತೆಂದೂ ಮಾಡಿಲ್ಲ. ಅವಳ ಎಡಗೈ ಭಾತೆಗೆ ಹೋಯಿತು, ಬಲಗೈ ಪಟ್ಟಿಗಳ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಬಂದು ನಿಂತಿತು. ನಿಂತೇ ಇತ್ತು. ಅವಳು ಒಮ್ಮೆ ನನ್ನ ಕಡೆ ನೋಡಿದಳು.

"ಯಾಕವಾ ತಂಗಿ, ನಾಚಿಕಿ ಬಂತೇನ?" ಎಂದರು ಹುಡುಗನ ಅಪ್ಪ. "ನಮ್ಮ ಮಾಸ್ತರಗೂ ಪೇಟಿ ಬರತೈತಿ. ಏ, ನೀನ ಸುರು ಮಾಡಿ ಸ್ವರಾ ಹಿಡದ ಕೊಡೋ."

ಮಾಸ್ತರ ನಕ್ಕು, ತೋಳು ಮಡಚಿ, ಮುಂದಕ್ಕೆ ಬಗ್ಗಿ ಪೇಟಿಯನ್ನು ತನ್ನ ಕಡೆ ತಿರುಗಿಸಿಕೊಂಡ. ಅವನ ಬೆರಳು ಕರಿ ನಾಲ್ಕಕ್ಕೇ ನೆಟ್ಟಗೆ ಇಳಿಯುತ್ತಿತ್ತು. ಆಗ ನಾನು ಎರಡೇ ಹೆಜ್ಜೆಯಲ್ಲಿ ಹೋಗಿ ಇಡೀ ಕಿಟ್ಲಿ ಚಹಾ ಪೇಟಿಯ ಮೇಲೆ ಸುರಿದೆ. ಪಟ್ಟಿಗಳ ಸಂದಿಯೊಳಗೆ ಚಹಾ ಗಳಗಳ ಇಳಿಯಿತು, ಭಾತೆಯ ಬುಡದಿಂದ ಜಮಖಾನದ ಮೇಲೆ ಹರಿಯಿತು. ಮಾಸ್ತರ ಹಿಂದಕ್ಕೆ ಸರಿದ, ಅವನ ಅವ್ವ "ಶಿವ ಶಿವಾ" ಎಂದು ಎದ್ದು ನಿಂತಳು. ಪಡಸಾಲೆಯಲ್ಲೆಲ್ಲ ಚಹಾದ ಹಬೆ, ಏಲಕ್ಕಿಯ ವಾಸನೆ. ಅಜ್ಜ ಎದ್ದು ಬಂದು ತನ್ನ ಹೆಗಲ ವಸ್ತ್ರದಿಂದ ಪಟ್ಟಿಗಳನ್ನು ಒಂದೊಂದಾಗಿ ಒರೆಸಿದ, ಮಗುವಿನ ಮೈ ಒರೆಸುವವನಂತೆ. ಒರೆಸಿ, ಅದೇ ವಸ್ತ್ರದಿಂದ ತನ್ನ ಕುತ್ತಿಗೆಯ ಬೆವರೊರೆಸಿಕೊಂಡ, ಮುಖ ಒರೆಸಿಕೊಂಡ. ನಾನು ಅದನ್ನೂ ನೋಡುತ್ತ ನಿಂತೆ. ಅಜ್ಜ ನನ್ನನ್ನು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಪೇಟಿಯಿಲ್ಲದೆ ಅತ್ತಿ ಹಾಡಿದಳು. ಹಿಡಿಯಲು ಷಡ್ಜವಿಲ್ಲದೆ ಅವಳ ದನಿ ಕತ್ತಲೆಯಲ್ಲಿ ಗೋಡೆ ತಡವುವವರಂತೆ ಅತ್ತಿತ್ತ ಹೋಯಿತು. ಬಂದವರು ತಲೆದೂಗಿದರು, ತಿಳಿಸುತ್ತೇವೆಂದರು, ಹೋದರು.

ಮಂಗಳವಾರ ಬೆಳಿಗ್ಗೆ ಅಜ್ಜನ ಮುಖ ಕುಂಬಳಕಾಯಿಯಾಗಿತ್ತು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಕುತ್ತಿಗೆಯ ಸುತ್ತ ಗುಳ್ಳೆಗಳ ಸರ. ಆಯಿ ಪಕ್ಕದಲ್ಲಿ ಕೂತು ಕೈಗೆ ಅರಿವೆ ಸುತ್ತಿಕೊಂಡು ಅವನ ಕೆನ್ನೆ ತಡವಿದಳು.

"ಇದು ಬಿಬ್ಬಾ" ಎಂದಳು. "ಈರ್ಯಾ, ಬಾ ಇಲ್ಲಿ. ಕೈ ತಾ."

ಪೊರೆ ಬಂದ ಕಣ್ಣಿನ ಆಯಿಗೆ ಅರಿವೆಯ ಮೇಲಿಂದಲೇ ನನ್ನ ಬೆರಳುಗಳ ಗುಳ್ಳೆ ಸಿಕ್ಕವು. ನಾನು ಎಲ್ಲ ಹೇಳಿದೆ. ಗಾಜು, ದಬ್ಬಣ, ಸುಣ್ಣ, ಹದಿನಾಲ್ಕು ಬೀಜ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಜ್ಜನ ಕೈ ಅಭ್ಯಾಸದಿಂದ ಕನ್ನಡಕಕ್ಕೆ ಹೋಯಿತು, ಆದರೆ ಬಾತ ಮೂಗಿನ ಮೇಲೆ ಅದು ಕೂರದ್ದರಿಂದ ತೆಗೆಯಲು ಕನ್ನಡಕವೇ ಇರಲಿಲ್ಲ. ಎಳ್ಳು ಕೊಬ್ಬರಿ ಅರೆದು ಆಯಿ ನಮ್ಮಿಬ್ಬರಿಗೂ ಹಚ್ಚಿದಳು. ಅಜ್ಜ, ಮೊಮ್ಮಗ ಎಂಟು ದಿನ ಪಡಸಾಲೆಯಲ್ಲಿ ಎದುರುಬದುರು, ಬೂದಿ ಬಳಿದ ಎರಡು ಬೈರಾಗಿಗಳಂತೆ ಕೂತಿದ್ದೆವು. ಅಜ್ಜ ಬೋರ್ಡಿಂಗಿನ ಮಾತು ಎತ್ತಲಿಲ್ಲ. ಒಂದು ಸಲ ಮಾತ್ರ ತನ್ನ ಗುಳ್ಳೆ ನೋಡಿಕೊಂಡು, ಒಳಕೋಣೆಯ ಕಡೆ ಮುಖಮಾಡಿ, "ಆಕಿ ಕೈ ಉಳದ್ವಲ್ಲ" ಎಂದ. ಒಂಬತ್ತನೆಯ ದಿನ ಓಣಿಯ ಎಸ್.ಟಿ.ಡಿ. ಬೂತಿಗೆ ಕಿತ್ತೂರಿನಿಂದ ಫೋನು ಬಂತು. ನಮಗ ಹೊಂದೂದಿಲ್ಲ ಎಂದಷ್ಟೇ ಹೇಳಿದರಂತೆ. ಅವತ್ತು ಅತ್ತಿ ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿದಳು, ಉಳಿದ ಕಾಯಿ ಸುಲಿದು ಮುಗಿಸಿದಳು, ಒಳಗೆ ಹೋಗಿ ಹಾಡಿನ ವಹಿಯಿಂದ ಫೋಟೋ ತೆಗೆದು ಕನ್ನಡಿಯ ಹಿಂದಿಟ್ಟಳು. ರಾಜೇಸಾಬ ಪೇಟಿಯನ್ನು ಚೀಲದಲ್ಲಿ ಸುತ್ತಿ ರಾಮದುರ್ಗಕ್ಕೆ ಒಯ್ದು ಕರಿ ಪಟ್ಟಿಗಳನ್ನೆಲ್ಲ ಬದಲಿಸಿ ತಂದ. ಎರಡು ವರ್ಷದ ಮೇಲೆ ಅತ್ತಿಯ ಮದುವೆ ಬೈಲಹೊಂಗಲದಲ್ಲಾಯಿತು. ಗಂಡ ಒಳ್ಳೆಯವನು, ಹಾಡು ಕೇಳಿದರೆ ನಿದ್ದೆ ಮಾಡುತ್ತಾನೆ.

ಇದರಲ್ಲಿ ನಿಮಗೆ ನಾನು ಹೇಳಿದ ಸುಳ್ಳು ಒಂದೇ ಒಂದು. ಬಿಬ್ಬಾ ನಿಜ, ಗುಳ್ಳೆ ನಿಜ, ಅಜ್ಜನ ಮುಖ ನಿಜ. ಚಹಾ ಸುರಿದವನು ನಾನಲ್ಲ. ನಾನು ಹೊಸ್ತಿಲ ಮೇಲೆ ನಿಂತವನು ನಿಂತೇ ಇದ್ದೆ. ನನ್ನ ಕೈ ನಡುಗಿ ಕಿಟ್ಲಿಯ ಮುಚ್ಚಳ ಟಕಟಕ ಬಡಿಯುತ್ತಿತ್ತು. ಗೋಂದು ಹಚ್ಚಿದ ದಿನ ನಾನು ನಡುಗಿರಲಿಲ್ಲ, ಅತ್ತಿಗೆ ಅದು ಗೊತ್ತಿತ್ತು. ಮಾಸ್ತರನ ಬೆರಳು ಇಳಿಯುವ ಮುಂಚೆ ಅವಳೇ ಎದ್ದು ಬಂದು, "ಭಾರ ಆಗೇತಿ ನಿನಗ, ಕೊಡಿಲ್ಲೆ" ಎಂದು ಕಿಟ್ಲಿ ತೆಗೆದುಕೊಂಡಳು, ತಿರುಗಿ ಎರಡು ಹೆಜ್ಜೆ ಇಟ್ಟಳು, ತನ್ನ ಸೀರೆಯ ಅಂಚನ್ನು ತಾನೇ ತುಳಿದಳು. ತನ್ನನ್ನು ನೋಡಲು ಬಂದವರ ಎದುರಿಗೆ, "ಅಯ್ಯ, ಕೈ ತಪ್ಪಿತ್ರಿ" ಎಂದಳು. ಅಜ್ಜ ನನ್ನ ಕಡೆ ನೋಡದೆ ಇದ್ದದ್ದು ಅದಕ್ಕೇ. ಮೂವತ್ತೈದು ವರ್ಷದಿಂದ ನಾನು ಇದನ್ನು ನನ್ನ ಸಾಹಸವೆಂದೇ ಹೇಳುತ್ತ ಬಂದಿದ್ದೇನೆ. ಮೊನ್ನೆ ಬೈಲಹೊಂಗಲದಲ್ಲಿ ಅವಳ ಮೊಮ್ಮಗಳಿಗೂ ಹಾಗೇ ಹೇಳಿದೆ. ಹುಡುಗಿ ನಂಬದೆ ಅಜ್ಜಿಯ ಕಡೆ ತಿರುಗಿ, ಖರೇನ ಅಂದಳು. ಅತ್ತಿ ನನ್ನ ಮುಖ ನೋಡಿದಳು.

"ಖರೇನವಾ" ಎಂದಳು. "ಇವನ ಸುರದಾಂವ. ಭಾಳ ಧೈರ್ಯ ಇತ್ತ ಇವಗ."